ಹ್ಯಾಷ್‌ಟ್ಯಾಗ್ ಹಾಕುವ ಮುಂಚೆ ಒಂದು ಸಲ ಹುಡುಕಿ ನೋಡಿ

(ಮನೆಯಿಂದಲೇ ಸೀರೆ, ರೊಟ್ಟಿ, ಉಪ್ಪಿನಕಾಯಿ ಮಾರುವವರು ಮತ್ತು ಹವ್ಯಾಸಿ ನಾಟಕ ತಂಡದವರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹ್ಯಾಷ್ ಅಂದರೆ ಫೋನಿನಲ್ಲಿ ಸೊನ್ನೆಯ ಪಕ್ಕ ಇರುತ್ತಲ್ಲ, ನಾಲ್ಕು ಗೆರೆಯ ಗುರುತು, ಅದು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದಾಗ 'ಹ್ಯಾಷ್ ಒತ್ತಿ' ಅನ್ನುತ್ತಾರಲ್ಲ, ಅದೇ. ಆ ಗುರುತಿಗೆ ಅಂಟಿಸಿ ಒಂದು ಪದ ಬರೆದರೆ ಅದೇ ಹ್ಯಾಷ್‌ಟ್ಯಾಗ್, ಅದು ಲಿಂಕ್ ಆಗುತ್ತದೆ. ಬಣ್ಣ ಬದಲಾಗುತ್ತದೆ. ಒತ್ತಿದರೆ ಅದೇ ಪದ ಹಾಕಿದ ಬೇರೆಯವರ ಪೋಸ್ಟ್‌ಗಳು ಸಾಲಾಗಿ ಬರುತ್ತವೆ. ಅಷ್ಟೇ. ಇಷ್ಟಕ್ಕೆ ಒಂದು ಭಾಷಣ ಬೇಕಾ ಅಂತ ನಿಮಗೆ ಅನ್ನಿಸಿದರೆ ತಪ್ಪೇನಿಲ್ಲ.

ಇಲ್ಲಿಗೆ ಬರುವ ಮೊದಲು ನಿಮ್ಮಲ್ಲಿ ಕೆಲವರ ಪೇಜ್‌ಗಳನ್ನು ನೋಡಿದೆ. ಒಂದು ಇಳಕಲ್ ಸೀರೆಯ ಫೋಟೋ. ಬೆಳಕು, ಮಡಿಕೆ ಎಲ್ಲ ಚೆನ್ನಾಗಿದೆ. ಕೆಳಗೆ ಇಂಗ್ಲಿಷಿನಲ್ಲಿ 'ಹೊಸ ಸ್ಟಾಕ್, ರೇಟ್‌ಗೆ ಮೆಸೇಜ್ ಮಾಡಿ' ಅಂತ ಒಂದು ಸಾಲು. ಅದರ ಕೆಳಗೆ ಹ್ಯಾಷ್‌ಟ್ಯಾಗ್‌ಗಳ ಸುರಿಮಳೆ. #ಲವ್, #ಇಂಡಿಯಾ, #ವೈರಲ್, #ಟ್ರೆಂಡಿಂಗ್, #ಫ್ಯಾಷನ್. ಒಬ್ಬರಂತೂ #ಕ್ರಿಕೆಟ್ ಅಂತಲೂ ಹಾಕಿದ್ದರು. ಅವತ್ತು ಮ್ಯಾಚ್ ಇತ್ತೇನೋ.

ಸ್ವಲ್ಪ ಯೋಚನೆ ಮಾಡಿ. ಸೀರೆ ಕೊಳ್ಳುವ ಹೆಂಗಸು ಫೋನ್ ತೆಗೆದು 'ವೈರಲ್' ಅಂತ ಹುಡುಕುತ್ತಾಳಾ? ಸಂತೆಯಲ್ಲಿ ಮೆಂತ್ಯ ಸೊಪ್ಪು ಬೇಕಾದವರು ಸೊಪ್ಪಿನ ಸಾಲಿಗೆ ಹೋಗುತ್ತಾರೆ. ಜನ ಜಾಸ್ತಿ ಇದ್ದಾರೆ ಅಂತ ನೀವು ಸೊಪ್ಪು ಹೊತ್ತುಕೊಂಡು ಹೋಗಿ ದನದ ಸಂತೆಯಲ್ಲಿ ಕೂತರೆ ದನ ಬಂದು ತಿಂದಾವು, ವ್ಯಾಪಾರ ಆಗದು. ಇವತ್ತು ನಾನು ಹೇಳಬೇಕು ಅಂದುಕೊಂಡು ಬಂದಿರುವುದು ಇದೊಂದೇ ಮಾತು. ಹ್ಯಾಷ್‌ಟ್ಯಾಗ್ ಕೆಲಸ ಮಾಡಬೇಕಾದರೆ, ಆ ಪದವನ್ನು ಹುಡುಕಿಕೊಂಡು ಬರುವ ಇನ್ನೊಬ್ಬರು ಇರಬೇಕು. ಅವರು ಬರೆಯುವ ಅಕ್ಷರಕ್ಕೂ ನೀವು ಬರೆಯುವ ಅಕ್ಷರಕ್ಕೂ ಒಂದು ಕೊಂಬಿನ ವ್ಯತ್ಯಾಸವೂ ಇರಬಾರದು. ಕನ್ನಡದಲ್ಲಿ ಈ ಎರಡನೆಯದೇ ದೊಡ್ಡ ತಲೆನೋವು. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ಇದು ಎಲ್ಲಿಂದ ಬಂತು ಅಂತ ಎರಡು ಮಾತು. 2007ರ ಆಗಸ್ಟ್ 23ರಂದು ಕ್ರಿಸ್ ಮೆಸ್ಸಿನಾ ಅನ್ನುವ ಅಮೆರಿಕದ ವ್ಯಕ್ತಿ ಟ್ವಿಟರ್‌ನಲ್ಲಿ ಒಂದು ಸಲಹೆ ಬರೆದರು. ಒಂದೇ ವಿಷಯದ ಮಾತುಗಳನ್ನು ಗುಂಪು ಮಾಡಲು ಈ ಗುರುತು ಬಳಸೋಣವೇ ಅಂತ. ಅವರು ಕೊಟ್ಟ ಉದಾಹರಣೆ #ಬಾರ್‌ಕ್ಯಾಂಪ್. ಟೆಕ್ ಮಂದಿ ಸೇರಿಕೊಂಡು ತಾವೇ ನಡೆಸುವ ಸಭೆ ಅದು. ಅಷ್ಟೊತ್ತಿಗೆ ನಮ್ಮ ಬೆಂಗಳೂರಿನಲ್ಲೂ ನಡೆಯುತ್ತಿತ್ತು. ಹಳೆಯ ಐಆರ್‌ಸಿ ಚಾಟ್‌ನಲ್ಲಿ ಹರಟೆಕೋಣೆಗಳ ಹೆಸರು ಈ ಗುರುತಿನಿಂದಲೇ ಶುರುವಾಗುತ್ತಿತ್ತು, ಹಾಗಾಗಿ ಮೆಸ್ಸಿನಾಗೆ ಅದು ಹೊಳೆದಿದ್ದು ಸಹಜ. ಟ್ವಿಟರ್‌ನವರು ಇದು ಟೆಕ್ಕಿಗಳ ಆಟ, ಸಾಮಾನ್ಯ ಜನ ಬಳಸುವುದಿಲ್ಲ ಅಂತ ತಳ್ಳಿಹಾಕಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ನಗರದ ಸುತ್ತ ಕಾಳ್ಗಿಚ್ಚು ಎದ್ದಿತು. ಲಕ್ಷಾಂತರ ಜನ ಮನೆ ಬಿಟ್ಟು ಹೊರಟರು. ಆಗ ನೇಟ್ ರಿಟ್ಟರ್ ಅನ್ನುವವರು #ಸ್ಯಾನ್‌ಡಿಯಾಗೋಫೈರ್ ಅಂತ ಹಾಕಿ ಸುದ್ದಿ ಬರೆಯುತ್ತಾ ಹೋದರು. ಎಲ್ಲಿ ಬೆಂಕಿ, ಯಾವ ರಸ್ತೆ ಬಂದ್ ಅಂತ ಹುಡುಕುವವರಿಗೆ ಒಂದೇ ಕಡೆ ಎಲ್ಲ ಸಿಕ್ಕಿತು. ಟ್ವಿಟರ್ ತಾನೇ ಈ ಪದಗಳಿಗೆ ಲಿಂಕ್ ಕೊಟ್ಟಿದ್ದು 2009ರಲ್ಲಿ. ಇನ್‌ಸ್ಟಾಗ್ರಾಂಗೆ 2011ರಲ್ಲಿ ಬಂತು, ಫೇಸ್‌ಬುಕ್‌ಗೆ 2013ರಲ್ಲಿ. ಮೆಸ್ಸಿನಾ ಇದಕ್ಕೆ ಪೇಟೆಂಟ್ ಮಾಡಿಸಲಿಲ್ಲ. ಮಾಡಿಸಿದ್ದರೆ ನಾವು ಇವತ್ತು ಇಲ್ಲಿ ಕೂತಿರುತ್ತಿರಲಿಲ್ಲ.

ಇದನ್ನು ಯಾಕೆ ಹೇಳಿದೆ ಅಂದರೆ, ಕಾಳ್ಗಿಚ್ಚಿನಲ್ಲಿ ಯಾರೂ ಆ ಪದವನ್ನು ಶೋಕಿಗೆ ಹಾಕಲಿಲ್ಲ. ಹುಡುಕುವವರಿದ್ದರು, ಅದಕ್ಕೇ ಅದು ಉಳಿಯಿತು. 2015ರಲ್ಲಿ ಚೆನ್ನೈ ಮುಳುಗಿದಾಗಲೂ ಹಾಗೇ. ಅಲ್ಲಿ #ಚೆನ್ನೈಫ್ಲಡ್ಸ್ ಅಂತ ಸಾವಿರಾರು ಪೋಸ್ಟ್ ಬಂದವು. ಪ್ರಾರ್ಥನೆ, ಸುದ್ದಿ, ಬೈಗುಳ ಎಲ್ಲ ಅದರೊಳಗೇ. ಸಹಾಯ ಕೇಳುವವರಿಗೆ #ಚೆನ್ನೈರೈನ್ಸ್‌ಹೆಲ್ಪ್ ಅನ್ನುವ ಬೇರೆ ಪದ ಬಂದಿದ್ದರಿಂದ ಸ್ವಯಂಸೇವಕರಿಗೆ ಆಯ್ದು ಪಟ್ಟಿ ಮಾಡುವುದು ಎಷ್ಟೋ ಹಗುರಾಯಿತು. 2018ರಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ನಾವೂ ಹೀಗೇ ಪದಗಳ ಹಿಂದೆ ಬಿದ್ದು ಸುದ್ದಿ ಹುಡುಕಿದ್ದೆವು. ಅಂಥ ಹೊತ್ತಿನಲ್ಲಿ ಹ್ಯಾಷ್‌ಟ್ಯಾಗ್ ಜೊತೆ ಊರ ಹೆಸರು, ಏನು ಬೇಕು, ಎಷ್ಟು ಗಂಟೆಗೆ ಬರೆದದ್ದು, ಈ ಮೂರೂ ಇರಲೇಬೇಕು. ಇಲ್ಲದಿದ್ದರೆ ನಿನ್ನೆಯೇ ದೋಣಿ ಹತ್ತಿ ಬಂದವರಿಗಾಗಿ ಇವತ್ತೂ ಜನ ಓಡಾಡುತ್ತಿರುತ್ತಾರೆ.

ಸರಿ, ಸೀರೆಗೆ ವಾಪಸ್ ಬರೋಣ.

ಇಳಕಲ್ ಸೀರೆ ಹುಡುಕುವವರಲ್ಲಿ ಎರಡು ಥರ. ಮೊದಲನೆಯವರಿಗೆ ಸುಮ್ನೆ ಒಂದು ಕೈಮಗ್ಗದ ಸೀರೆ ಬೇಕು. ಇವರು ಇಂಗ್ಲಿಷ್ ಅಕ್ಷರದಲ್ಲಿ ಇಳಕಲ್ ಸ್ಯಾರಿ ಅಂತ ಬರೆಯುತ್ತಾರೆ. ಆ ಪದದಡಿ ದೊಡ್ಡ ಅಂಗಡಿಗಳಿಂದ ಹಿಡಿದು ಪವರ್‌ಲೂಮ್ ಮಾಲು ಮಾರುವವರ ತನಕ ಎಲ್ಲರೂ ಇದ್ದಾರೆ. ಅಲ್ಲಿ ನಿಮ್ಮ ಪೋಸ್ಟ್ ಒಂದು ಗಳಿಗೆ ಕಂಡು ಕೆಳಗೆ ಹೋಗುತ್ತದೆ. ಎರಡನೆಯವರಿಗೆ ಸೀರೆ ಗೊತ್ತು. ಅವರಿಗೆ ಟೋಪ್ ತೆನಿ ಸೆರಗು ಬೇಕು. ಚಿಕ್ಕಿಪರಾಸ್ ಅಂಚೋ ಗೋಮಿ ಅಂಚೋ ಅಂತ ಕೇಳುತ್ತಾರೆ. ಜೊತೆಗೆ ಕುಪ್ಪಸಕ್ಕೆ ಗುಳೇದಗುಡ್ಡದ ಖಣ ಇದೆಯಾ ಅನ್ನುತ್ತಾರೆ. ಇವರು ಕಡಿಮೆ ಜನ. ಆದರೆ ಇವರು ಫೋಟೋ ನೋಡಿ ಲೈಕ್ ಒತ್ತಿ ಹೋಗುವವರಲ್ಲ, ಕೊಳ್ಳುವವರು. ಹಾಗಾದರೆ ನಿಮ್ಮ ಪದಗಳು ಯಾವುವು? #ಇಳಕಲ್‌ಸೀರೆ ಒಂದು. #ಟೋಪ್‌ತೆನಿ ಒಂದು. ಖಣ ಇದ್ದರೆ #ಗುಳೇದಗುಡ್ಡಖಣ. ಇಂಗ್ಲಿಷ್ ಅಕ್ಷರದಲ್ಲಿ ಇಳಕಲ್ ಸ್ಯಾರಿ ಒಂದು. ಮುಗಿಯಿತು, ಐದನೆಯದಕ್ಕೆ ಒದ್ದಾಡಬೇಡಿ.

ರೊಟ್ಟಿ ಮಾರುವ ಅಕ್ಕಂದಿರಿಗೂ ಇದೇ ಲೆಕ್ಕ. #ಫುಡ್ ಅನ್ನುವುದರಿಂದ ನಿಮಗೇನೂ ಸಿಗುವುದಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಅಂತ ಪದಾರ್ಥದ ಹೆಸರನ್ನೇ ಹಾಕಿ. ಜೊತೆಗೆ ನೀವು ಕಳಿಸಿಕೊಡುವ ಊರಿನ ಹೆಸರು. ಬೆಂಗಳೂರಿನಲ್ಲಿ ಕೂತ ಹುಬ್ಬಳ್ಳಿಯ ಹುಡುಗನೊಬ್ಬ ಗುರೆಳ್ಳು ಪುಡಿಗೆ ಹಂಬಲಿಸುವಾಗ ಇಂಗ್ಲಿಷ್ ಹೆಸರು ನೆನಪು ಮಾಡಿಕೊಳ್ಳುವುದಿಲ್ಲ.

ಇನ್ನೊಂದು ಸಣ್ಣ ವಿಷಯ, ಆದರೆ ತುಂಬ ಜನ ಎಡವುವುದು ಇಲ್ಲೇ. ಖಾತೆಯನ್ನು ಪ್ರೈವೇಟ್ ಇಟ್ಟುಕೊಂಡು ಹ್ಯಾಷ್‌ಟ್ಯಾಗ್ ಹಾಕಿದರೆ ಹೊರಗಿನವರಿಗೆ ಅದು ಕಾಣುವುದೇ ಇಲ್ಲ. ಇನ್‌ಸ್ಟಾಗ್ರಾಂನಲ್ಲೂ ಅಷ್ಟೇ, ಫೇಸ್‌ಬುಕ್‌ನಲ್ಲಿ ಫ್ರೆಂಡ್ಸ್‌ಗೆ ಮಾತ್ರ ಅಂತ ಇಟ್ಟರೂ ಅಷ್ಟೇ. ಬಾಗಿಲು ಹಾಕಿಕೊಂಡು ಒಳಗೆ ಬೋರ್ಡ್ ತೂಗುಹಾಕಿ ಏನು ಪ್ರಯೋಜನ?

ಈಗ ಕನ್ನಡದ ತಲೆನೋವಿಗೆ ಬರೋಣ. ಇಂಗ್ಲಿಷಿನಲ್ಲಿ ಇದನ್ನು ಕಲಿಸುವವರು ಯಾರೂ ಈ ಮಾತು ಹೇಳುವುದಿಲ್ಲ, ಯಾಕೆಂದರೆ ಅವರಿಗೆ ಈ ಕಷ್ಟವೇ ಇಲ್ಲ.

ಮೊದಲನೆಯದು, ನಮ್ಮ ಪದಕ್ಕೆ ಬಾಲ ಬೆಳೆಯುತ್ತದೆ. ಇಂಗ್ಲಿಷಿನವರು ಮೈಸೂರಿನಲ್ಲಿ ಅನ್ನಬೇಕಾದರೂ ಮೈಸೂರು ಅನ್ನುವ ಪದವನ್ನು ಮುಟ್ಟುವುದಿಲ್ಲ. ಅದಕ್ಕಿಂತ ಮೊದಲು 'ಇನ್' ಅಂತ ಬೇರೆ ಪದ ಇಡುತ್ತಾರೆ. ಹಾಗಾಗಿ ವಾಕ್ಯದ ಮಧ್ಯೆಯೇ ಹ್ಯಾಷ್ ಹಾಕಿದರೂ ಪದ ಕೆಡುವುದಿಲ್ಲ. ನಾವು #ಮೈಸೂರಿನಲ್ಲಿ, #ಮೈಸೂರಿಗೆ, #ಮೈಸೂರಿಂದ ಅಂತ ಬರೆಯುತ್ತೇವೆ. ನಮಗೆ ಇವೆಲ್ಲ ಒಂದೇ ಊರು. ಮಷಿನ್‌ಗೆ ಮೂರು ಬೇರೆ ಬೇರೆ ಸಾಲು. #ಮೈಸೂರು ಅಂತ ಹುಡುಕುವವನಿಗೆ ಈ ಮೂರರಲ್ಲಿ ಒಂದೂ ಸಿಗುವುದಿಲ್ಲ. ಇದಕ್ಕೆ ಉಪಾಯ ಸುಲಭ. ವಾಕ್ಯವನ್ನು ವಾಕ್ಯವಾಗಿ ಬರೆಯಿರಿ, ಒಳಗೆ ಹ್ಯಾಷ್ ಹಾಕಬೇಡಿ. ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಬಾಲವಿಲ್ಲದ ಪದ ಇಡಿ. ಓದುವವರ ಕಣ್ಣಿಗೂ ಹಿತ.

ಎರಡನೆಯದು, ಚುಕ್ಕೆ. ಹ್ಯಾಷ್‌ಟ್ಯಾಗ್‌ನಲ್ಲಿ ಖಾಲಿ ಜಾಗ, ಚುಕ್ಕೆ, ಹೈಫನ್ ಯಾವುದೂ ಇರಬಾರದು. ಬಂದ ಕೂಡಲೇ ಪದ ಅಲ್ಲಿಗೇ ತುಂಡಾಗುತ್ತದೆ. ಏಪ್ರಿಲ್ 24 ಬಂತೆಂದರೆ ನೋಡಿ, ಅಣ್ಣಾವ್ರ ಹುಟ್ಟುಹಬ್ಬಕ್ಕೆ ಎಷ್ಟೋ ಜನ ಡಾ ಮುಂದೆ ಚುಕ್ಕೆ ಇಟ್ಟು ರಾಜ್‌ಕುಮಾರ್ ಅಂತ ಹ್ಯಾಷ್ ಹಾಕುತ್ತಾರೆ. ಲಿಂಕ್ ಆಗುವುದು 'ಡಾ' ಮಾತ್ರ. ಪಾಪ, ಅಭಿಮಾನವೆಲ್ಲ ಒಂದು ಡಾ ಒಳಗೆ ಹೋಗಿ ಸೇರುತ್ತದೆ. ಕೆ.ಆರ್. ಮಾರ್ಕೆಟ್, ಎಚ್.ಡಿ. ಕೋಟೆ, ಕೆ.ಜಿ.ಎಫ್., ಎಲ್ಲದರ ಗತಿಯೂ ಇದೇ. ಚುಕ್ಕೆ ತೆಗೆದು ಕೂಡಿಸಿ ಬರೆಯಿರಿ. ಬರೀ ಅಂಕಿಯೂ ಬೇಡ. ಟ್ವಿಟರ್‌ನಲ್ಲಿ, ಅಂದರೆ ಈಗಿನ ಎಕ್ಸ್‌ನಲ್ಲಿ, #1956 ಅಂತ ಹಾಕಿದರೆ ಲಿಂಕ್ ಆಗುವುದಿಲ್ಲ. #ಕರ್ನಾಟಕ1956 ಅಂದರೆ ಆಗುತ್ತದೆ.

ಮೂರನೆಯದು ಕಣ್ಣಿಗೇ ಕಾಣದ್ದು. 'ರಾಜ್‌ಕುಮಾರ್' ಅಂತ ಟೈಪ್ ಮಾಡುವಾಗ ಜ ಕೆಳಗೆ ಕ ಒತ್ತಾಗಿ ಬರಬಾರದು ಅಂತ ನಡುವೆ ಒಂದು ಅಕ್ಷರ ಸೇರಿಸುತ್ತೇವೆ. ಕೆಲವು ಕೀಬೋರ್ಡ್ ತಾನೇ ಸೇರಿಸುತ್ತದೆ. ಅದಕ್ಕೆ ಅಗಲ ಇಲ್ಲ, ಆಕಾರ ಇಲ್ಲ, ಆದರೆ ಯೂನಿಕೋಡ್, ಅಂದರೆ ಕಂಪ್ಯೂಟರು ಅಕ್ಷರ ಗುರುತಿಸುವ ಪದ್ಧತಿಯ ಲೆಕ್ಕದಲ್ಲಿ, ಅದೂ ಒಂದು ಅಕ್ಷರ. ಒಂದು ಆ್ಯಪ್ ಅದನ್ನು ಪದದ ಭಾಗ ಅಂತ ಒಪ್ಪಬಹುದು, ಇನ್ನೊಂದು ಅಲ್ಲೇ ಪದ ಕತ್ತರಿಸಬಹುದು. ಒಪ್ಪಿದರೂ, ಅದು ಇರುವ ಪದ ಮತ್ತು ಇಲ್ಲದ ಪದ ಬೇರೆ ಬೇರೆ ಆಗಿಬಿಡಬಹುದು. ಇಳಕಲ್‌ಸೀರೆ ಅನ್ನುವುದರಲ್ಲೂ ಈ ಕಾಟ ಇದೆ. ಅದಕ್ಕೇ ಎರಡು ಪದಗಳ ನಡುವೆ ಅಡಿಗೆರೆ, ಅಂದರೆ ಅಂಡರ್‌ಸ್ಕೋರ್ ಹಾಕುವುದು ವಾಸಿ. #ಇಳಕಲ್_ಸೀರೆ. ಅದರಿಂದ ಪದ ತುಂಡಾಗುವುದಿಲ್ಲ, ಒತ್ತಕ್ಷರವೂ ಆಗುವುದಿಲ್ಲ. ನಿಮ್ಮ ಸಾಲಿನಲ್ಲಿ ಬೇರೆಯವರು ಅಡಿಗೆರೆ ಇಲ್ಲದೆ ಬರೆಯುತ್ತಿದ್ದರೆ ಮಾತ್ರ ಅವರ ಹಾಗೇ ಬರೆಯಿರಿ. ಒಟ್ಟಿನಲ್ಲಿ ಪೋಸ್ಟ್ ಹಾಕಿದ ಮೇಲೆ ಒಂದು ಸಲ ಕಣ್ಣಾಡಿಸಿ. ಇಡೀ ಪದಕ್ಕೆ ಬಣ್ಣ ಬಂದಿದೆಯಾ? ಅರ್ಧಕ್ಕೆ ನಿಂತಿದೆಯಾ? ಒತ್ತಿದರೆ ಬೇರೆಯವರ ಪೋಸ್ಟ್ ಕಾಣುತ್ತಾ? ಹತ್ತು ಸೆಕೆಂಡಿನ ಕೆಲಸ.

ಅಡಿಗೆರೆಗೆ ಇನ್ನೊಂದು ಲಾಭ ಇದೆ. ಇಂಗ್ಲಿಷಿನಲ್ಲಿ ಪ್ರತಿ ಪದದ ಮೊದಲ ಅಕ್ಷರ ದೊಡ್ಡದು ಮಾಡಿ ಎಲ್ಲಿ ಪದ ಒಡೆಯಬೇಕು ಅಂತ ತೋರಿಸಬಹುದು. ತೋರಿಸದೆ ಹೋದರೆ ಏನಾಗುತ್ತೆ? 2013ರಲ್ಲಿ ಬ್ರಿಟನ್ನಿನ ಮಾಜಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ತೀರಿಕೊಂಡಾಗ 'ಈಗ ಥ್ಯಾಚರ್ ಇಲ್ಲ' ಅನ್ನುವ ಅರ್ಥದ ಹ್ಯಾಷ್‌ಟ್ಯಾಗ್ ಓಡಿತು. ಎಲ್ಲ ಸಣ್ಣ ಅಕ್ಷರ. ಒಂದಷ್ಟು ಜನ 'ನೌ ಥ್ಯಾಚರ್ಸ್ ಡೆಡ್' ಅನ್ನುವುದನ್ನು ಬೇರೆ ಕಡೆ ಒಡೆದು 'ನೌ ದಟ್ ಶೇರ್ಸ್ ಡೆಡ್' ಅಂತ ಓದಿ, ಗಾಯಕಿ ಶೇರ್ ಹೋಗಿಬಿಟ್ಟರು ಅಂತ ಅತ್ತರು. ಆಕೆ ಆರಾಮಾಗಿದ್ದರು. ನಮ್ಮಲ್ಲಿ ದೊಡ್ಡಕ್ಷರ ಇಲ್ಲ, ಅಡಿಗೆರೆಯೇ ಗತಿ. ಕಣ್ಣು ಕಾಣದವರು ಫೋನಿನಲ್ಲಿ ಓದಿಸಿಕೊಂಡು ಕೇಳುತ್ತಾರಲ್ಲ, ಪದ ಬಿಡಿಸಿ ಬರೆದರೆ ಅವರಿಗೂ ಅನುಕೂಲ.

ಇನ್ನು ಕಾಗುಣಿತ. 2014ರ ನವೆಂಬರ್ 1ರಿಂದ ರಾಜ್ಯದ 12 ನಗರಗಳ ಹೆಸರನ್ನು ಇಂಗ್ಲಿಷಿನಲ್ಲೂ ಕನ್ನಡದ ಉಚ್ಚಾರಕ್ಕೆ ತಕ್ಕಂತೆ ಬದಲಾಯಿಸಿದರು. ಒಳ್ಳೆಯದೇ ಆಯಿತು. ಆದರೆ ಹುಡುಕುವವರು ಇನ್ನೂ ಹಳೆಯದನ್ನೂ ಹೊಸದನ್ನೂ ಬರೆಯುತ್ತಾರೆ. ಬೆಳಗಾವಿಗೆ ಬೆಲ್ಗಾಂ, ಕಲಬುರಗಿಗೆ ಗುಲ್ಬರ್ಗಾ. ವ್ಯಾಪಾರದ ಪೋಸ್ಟ್ ಆದರೆ ನಾನು ಎರಡನ್ನೂ ಹಾಕಿ ಅನ್ನುತ್ತೇನೆ. ಇದರಲ್ಲಿ ಸ್ವಾಭಿಮಾನದ ಪ್ರಶ್ನೆ ಬೇಡ. ಹೊರಗಿನ ಗಿರಾಕಿಗೆ ಹಳೆಯ ಹೆಸರೇ ಗೊತ್ತಿದ್ದರೆ ಅವನೇನು ಮಾಡಿಯಾನು? ಕನ್ನಡದಲ್ಲೂ ಇಳಕಲ್, ಇಲಕಲ್, ಇಲ್ಕಲ್ ಅಂತ ಮೂರು ಥರ ಬರೆಯುತ್ತಾರೆ. ಯಾವುದು ಸರಿ ಅನ್ನುವುದಕ್ಕಿಂತ ಯಾವುದರಡಿ ಜನ ಇದ್ದಾರೆ ಅಂತ ನೋಡಿ. ಹುಡುಕುವ ಪಟ್ಟಿಯಲ್ಲಿ ಟೈಪ್ ಮಾಡಿದರೆ ತಿಳಿಯುತ್ತದೆ. ಹಾಗೇ ಆ ಪದದಡಿ ಕೆಟ್ಟ ಫೋಟೋಗಳೋ ಬೇರೆ ವಿಷಯವೋ ತುಂಬಿದ್ದರೆ ಅದೂ ಗೊತ್ತಾಗುತ್ತದೆ.

ನಾಟಕದವರಿಗೆ ಒಂದು ಮಾತು. ನಿಮ್ಮ ಪ್ರದರ್ಶನಕ್ಕೆ ಬಂದ ಹತ್ತು ಜನ ಹತ್ತು ಥರ ಹ್ಯಾಷ್‌ಟ್ಯಾಗ್ ಹಾಕಿ ಫೋಟೋ ಹಾಕುತ್ತಾರೆ. ಆಮೇಲೆ ನಿಮಗೇ ಹುಡುಕಿದರೂ ಸಿಗುವುದಿಲ್ಲ. ಒಂದು ಪದ ಮೊದಲೇ ಗೊತ್ತು ಮಾಡಿ. ಬೇರೆ ಯಾರೂ ಬಳಸಿಲ್ಲ ಅಂತ ನೋಡಿಕೊಳ್ಳಿ. ಪೋಸ್ಟರ್‌ನಲ್ಲಿ, ಟಿಕೆಟ್‌ನಲ್ಲಿ ಅಚ್ಚು ಹಾಕಿಸಿ. ಶುರುವಾಗುವ ಮುಂಚೆ ಮೊಬೈಲ್ ಆಫ್ ಮಾಡಿ ಅಂತ ಹೇಳುತ್ತೀರಲ್ಲ, ಅದೇ ಉಸಿರಿನಲ್ಲಿ ಇದನ್ನೂ ಹೇಳಿ. ನಾಟಕ ಮುಗಿದ ಮೇಲೆ ಮಾತ್ರ ಆನ್ ಮಾಡಲಿ.

ಚಳವಳಿಗಳ ವಿಷಯ ಹೇಳದೆ ಹೋದರೆ ಅರ್ಧ ಹೇಳಿದ ಹಾಗೆ. ಬೆಂಗಳೂರಿನಲ್ಲಿ 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉಕ್ಕಿನ ಮೇಲ್ಸೇತುವೆ ಕಟ್ಟಲು ಸರ್ಕಾರ ಹೊರಟಿತ್ತು. ವೆಚ್ಚ 1,791 ಕೋಟಿ ರೂಪಾಯಿ ಅಂದಿದ್ದರು. ನೂರಾರು ಮರ ಹೋಗುತ್ತಿದ್ದವು. ಅದರ ವಿರುದ್ಧ ಎದ್ದ ಹ್ಯಾಷ್‌ಟ್ಯಾಗ್ ಇಂಗ್ಲಿಷ್ ಅಕ್ಷರದಲ್ಲಿತ್ತು, ಕೊನೆಯ ಪದ ಮಾತ್ರ ಕನ್ನಡ: #ಸ್ಟೀಲ್‌ಫ್ಲೈಓವರ್‌ಬೇಡ. ಓದಿದ ಕೂಡಲೇ ಏನು ವಿಷಯ, ನಾವು ಯಾವ ಕಡೆ, ಎರಡೂ ಗೊತ್ತಾಗುತ್ತಿತ್ತು. ಅಕ್ಟೋಬರ್ 16ರಂದು ಜನ ರಸ್ತೆಗಿಳಿದು ಮಾನವ ಸರಪಳಿ ಮಾಡಿದರು. ವಿಷಯ ಹಸಿರು ನ್ಯಾಯಮಂಡಳಿಗೂ ಹೋಯಿತು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಅದೇ ವರ್ಷ ಜೂನ್‌ನಲ್ಲಿ #ನಮ್ಮಮೆಟ್ರೋಹಿಂದಿಬೇಡ ಬಂತು. ಜುಲೈ ಹೊತ್ತಿಗೆ ಮೆಜೆಸ್ಟಿಕ್, ಚಿಕ್ಕಪೇಟೆ ನಿಲ್ದಾಣಗಳಲ್ಲಿ ಹಿಂದಿ ಬೋರ್ಡುಗಳನ್ನು ಮುಚ್ಚಿದರು. ಇದನ್ನೆಲ್ಲ ಹ್ಯಾಷ್‌ಟ್ಯಾಗ್ ಮಾಡಿತು ಅಂತ ಹೇಳುವುದು ನನಗೆ ಸರಿ ಕಾಣುವುದಿಲ್ಲ. ರಸ್ತೆಗೆ ಇಳಿದವರು, ಪತ್ರ ಬರೆದವರು, ಕೇಸು ಹಾಕಿದವರು ಮಾಡಿದರು. ಅವರು ಒಬ್ಬರಿಗೊಬ್ಬರು ಸಿಕ್ಕಿದ್ದರಲ್ಲಿ ಮಾತ್ರ ಹ್ಯಾಷ್‌ಟ್ಯಾಗ್‌ನ ಪಾಲಿದೆ.

ಟ್ರೆಂಡ್ ಮಾಡುವುದು, ಅಂದರೆ ಸದ್ಯ ಹೆಚ್ಚು ಓಡುತ್ತಿರುವ ಪದಗಳ ಪಟ್ಟಿಗೆ ಏರಿಸುವುದು ಹೇಗೆ ಅಂತ ಕೆಲವರಿಗೆ ಕುತೂಹಲ. ಒಟ್ಟು ಎಷ್ಟು ಪೋಸ್ಟ್ ಅನ್ನುವುದಕ್ಕಿಂತ ಎಷ್ಟು ಬೇಗ ಏರಿತು ಅನ್ನುವುದನ್ನು ಟ್ವಿಟರ್ ನೋಡುತ್ತದೆ. ಹಾಗಾಗಿಯೇ ಅಭಿಯಾನದವರು ಪದವನ್ನು ಗುಟ್ಟಾಗಿಟ್ಟು ಸಂಜೆ ಇಷ್ಟು ಗಂಟೆಗೆ ಅಂತ ಒಟ್ಟಿಗೆ ಬಿಡುತ್ತಾರೆ. ಸಿನಿಮಾ ಅಭಿಮಾನಿಗಳು ಇದರಲ್ಲಿ ಪಳಗಿದವರು, ಅವರಿಗೆ ನಾನೇನೂ ಹೇಳಿಕೊಡಬೇಕಿಲ್ಲ. ದುಡ್ಡು ಕೊಟ್ಟು ಒಂದೇ ವಾಕ್ಯವನ್ನು ನೂರು ಖಾತೆಯಿಂದ ಅಂಟಿಸುವುದೂ ನಡೆಯುತ್ತದೆ. ನೋಡಿದ ಕೂಡಲೇ ಗೊತ್ತಾಗುತ್ತೆ, ಅಲ್ವಾ?

ಒಳ್ಳೆಯ ಮನಸ್ಸಿನಿಂದ ಹಾಕಿದ ಹ್ಯಾಷ್‌ಟ್ಯಾಗ್ ಕೂಡ ತೊಂದರೆ ಮಾಡಬಹುದು. 2020ರ ಜೂನ್ 2ರಂದು ಅಮೆರಿಕದಲ್ಲಿ ಕಪ್ಪು ಜನರ ಚಳವಳಿಗೆ ಬೆಂಬಲ ಅಂತ ಲಕ್ಷಾಂತರ ಮಂದಿ ಇನ್‌ಸ್ಟಾಗ್ರಾಂನಲ್ಲಿ ಬರೀ ಕಪ್ಪು ಚೌಕ ಹಾಕಿದರು. ಕೆಳಗೆ #ಬ್ಲ್ಯಾಕ್‌ಲೈವ್ಸ್‌ಮ್ಯಾಟರ್ ಅಂತ. ಎಲ್ಲಿ ಪ್ರತಿಭಟನೆ, ಯಾರಿಗೆ ನೆರವು ಬೇಕು ಅಂತ ಆ ಪದದಡಿ ಹುಡುಕುತ್ತಿದ್ದವರಿಗೆ ಸಿಕ್ಕಿದ್ದು ಬರೀ ಕಪ್ಪು ಚೌಕಗಳು. ಹಾಕಬೇಡಿ ಅಂತ ಚಳವಳಿಯವರೇ ಬೇಡಿಕೊಳ್ಳಬೇಕಾಯಿತು. ಮೆಕ್‌ಡೊನಾಲ್ಡ್ಸ್ ಕಥೆ ಬೇರೆ. 2012ರಲ್ಲಿ ಗ್ರಾಹಕರು ಸವಿನೆನಪು ಬರೆಯಲಿ ಅಂತ ಅವರು ಒಂದು ಹ್ಯಾಷ್‌ಟ್ಯಾಗ್‌ಗೆ ದುಡ್ಡು ಸುರಿದರು. ಜನ ಕಹಿ ನೆನಪುಗಳನ್ನೇ ಬರೆದರು. ಸುಮಾರು ಎರಡು ಗಂಟೆಯಲ್ಲಿ ಕಂಪನಿ ಪ್ರಚಾರ ನಿಲ್ಲಿಸಿತು. ಪದ ಮಾತ್ರ ನಿಲ್ಲಲಿಲ್ಲ, ಯಾಕೆಂದರೆ ಹ್ಯಾಷ್‌ಟ್ಯಾಗ್‌ಗೆ ಒಡೆಯ ಅಂತ ಯಾರೂ ಇಲ್ಲ.

ಇದಿಷ್ಟು ಆದ ಮೇಲೆ ಪ್ರಶ್ನೆಗಳು ಬಂದವು.

'ಸರ್, ಈಗ ಹ್ಯಾಷ್‌ಟ್ಯಾಗ್ ಕಾಲವೇ ಮುಗಿಯಿತು ಅಂತಾರಲ್ಲ?' ಅಂತ ಒಬ್ಬ ಹುಡುಗ ಕೇಳಿದ. ಸುಳ್ಳೇನಲ್ಲ. ಎಕ್ಸ್‌ನ ಮಾಲೀಕ ಎಲಾನ್ ಮಸ್ಕ್ 2024ರ ಕೊನೆಯಲ್ಲಿ ಹ್ಯಾಷ್‌ಟ್ಯಾಗ್ ಬಿಡಿ, ನೋಡೋಕೂ ಚೆನ್ನಾಗಿಲ್ಲ ಅಂದರು. 2025ರಲ್ಲಿ ಅಲ್ಲಿನ ಜಾಹೀರಾತುಗಳಿಂದ ತೆಗೆದೇಬಿಟ್ಟರು. ಇನ್‌ಸ್ಟಾಗ್ರಾಂ ವರ್ಷಗಟ್ಟಲೆ 30ರವರೆಗೆ ಬಿಟ್ಟಿತ್ತು, 2021ರಲ್ಲಿ 3ರಿಂದ 5 ಸಾಕು ಅಂತ ಸಲಹೆ ಕೊಟ್ಟಿತು, 2025ರ ಕೊನೆಗೆ 5ರ ಮಿತಿಯನ್ನೇ ತಂದಿತು. ಹ್ಯಾಷ್‌ಟ್ಯಾಗ್ ಫಾಲೋ ಮಾಡುವ ಸೌಲಭ್ಯವನ್ನೂ ತೆಗೆದರು. ಯೂಟ್ಯೂಬ್‌ನಲ್ಲಿ 60 ದಾಟಿದರೆ ಒಂದನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಈಗ ಮಷಿನ್ ನಿಮ್ಮ ವಾಕ್ಯವನ್ನೇ ಓದುತ್ತದೆ, ಯಾರು ಎಷ್ಟು ಹೊತ್ತು ನೋಡಿದರು ಅಂತಲೂ ಲೆಕ್ಕ ಹಾಕುತ್ತದೆ. ಹಾಗಾಗಿ 'ಹೊಸ ಸ್ಟಾಕ್' ಅಂತ ಎರಡು ಪದ ಬರೆಯುವ ಬದಲು 'ಟೋಪ್ ತೆನಿ ಸೆರಗು, ಚಿಕ್ಕಿಪರಾಸ್ ಅಂಚು, ಹತ್ತಿ ಒಡಲು, ಕೈಮಗ್ಗದ ಇಳಕಲ್ ಸೀರೆ' ಅಂತ ನಾಲ್ಕು ಮಾತು ಬರೆದರೆ ಅದೇ ಅರ್ಧ ಕೆಲಸ ಮಾಡುತ್ತದೆ. ಹ್ಯಾಷ್‌ಟ್ಯಾಗ್ ಉಳಿದರ್ಧಕ್ಕೆ.

ಒಬ್ಬ ಡಿಟಿಪಿ ಅಣ್ಣ, ತಾನು 'ನುಡಿ' ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿ ಪೇಸ್ಟ್ ಮಾಡಿದರೆ ಏನೇನೋ ಇಂಗ್ಲಿಷ್ ಅಕ್ಷರ ಬರುತ್ತದೆ ಅಂದರು. ಅದು ಹಳೆಯ ಫಾಂಟಿನ ಅಕ್ಷರ. ಯೂನಿಕೋಡ್‌ಗೆ ಬದಲಾಯಿಸಿ, ಇಲ್ಲವೇ ಫೋನಿನಲ್ಲೇ ಟೈಪ್ ಮಾಡಿ. ಹಾಗೇ ಪೋಸ್ಟರ್ ಚಿತ್ರದೊಳಗೆ ಬರೆದ ಹ್ಯಾಷ್‌ಟ್ಯಾಗ್ ಲಿಂಕ್ ಆಗುವುದಿಲ್ಲ, ಕೆಳಗೆ ಅಕ್ಷರದಲ್ಲೂ ಬರೆಯಬೇಕು.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಅಮ್ಮ ಕೇಳಿದರು. 'ನಂಗೆ ಇನ್‌ಸ್ಟಾಗ್ರಾಂ ಎಲ್ಲ ಇಲ್ಲಪ್ಪ. ವಾಟ್ಸಾಪ್ ಗ್ರೂಪಲ್ಲೇ ಉಪ್ಪಿನಕಾಯಿ ಮಾರ್ತೀನಿ. ನಂಗೇನು ಉಪಯೋಗ?' ಉಪಯೋಗ ಇದೆ ಅಮ್ಮ. ವಾಟ್ಸಾಪ್‌ನಲ್ಲಿ ಹ್ಯಾಷ್ ಹಾಕಿದರೆ ಲಿಂಕ್ ಆಗುವುದಿಲ್ಲ, ಆದರೆ ಗ್ರೂಪಿನೊಳಗೆ ಹುಡುಕಬಹುದು. ಪ್ರತಿ ಆರ್ಡರ್ ಬರೆಯುವಾಗಲೂ #ಆರ್ಡರ್ ಅಂತ ಸೇರಿಸಲು ಗಿರಾಕಿಗಳಿಗೆ ಹೇಳಿ. ದುಡ್ಡು ಬಂದಾಗ ನೀವು #ಸಂದಾಯ ಅಂತ ಬರೆಯಿರಿ. ಸಂಜೆ ಆ ಪದ ಹುಡುಕಿದರೆ ಗುಡ್ ಮಾರ್ನಿಂಗ್ ಹೂವುಗಳ ಮಧ್ಯೆ ಕಳೆದುಹೋದ ಆರ್ಡರ್‌ಗಳೆಲ್ಲ ಒಂದೇ ಕಡೆ ಸಿಗುತ್ತವೆ. ಗಿರಾಕಿಗಳು ಆಡರ್, ಆರ್ಡರು ಅಂತೆಲ್ಲ ಬರೆದರೆ ಮಾತ್ರ ಸಿಗುವುದಿಲ್ಲ. ಅದಕ್ಕೆ ಪದವನ್ನು ಗ್ರೂಪಿನ ವಿವರದಲ್ಲೇ ಬರೆದಿಡಿ, ಅವರು ಅಲ್ಲಿಂದ ಕಾಪಿ ಮಾಡಿಕೊಳ್ಳಲಿ.